ಗೋಲಿಬಾರಿಗೆ ಮೊದಲಿನ ಮೆಟ್ಟಿಲುಗಳು

ಬಂದೂಕು ಎತ್ತುವ ಮೊದಲು ಪೊಲೀಸರು ಜೀವ ತೆಗೆಯದ ಸಾಧನಗಳನ್ನು ಬಳಸಬೇಕಲ್ಲವೇ, ಕರಾವಳಿಯ ನೀವು ಏನು ಹೇಳುತ್ತೀರಿ ಎಂದು ತಾವು ಕೇಳಿದ್ದೀರಿ. ಬಳಸಲೇಬೇಕು. ಆದರೆ ಕೇರಳಕ್ಕೆ ಹೋಗುವ ತಲಪಾಡಿ ಗಡಿಗೆ ಅರ್ಧ ಗಂಟೆಯ ದಾರಿಯಲ್ಲಿರುವ ನನಗೆ ಅಷ್ಟು ಹೇಳಿ ಸುಮ್ಮನಾಗುವುದು ಕಷ್ಟ, ಏಕೆಂದರೆ ನಮ್ಮ ಊರಿನಲ್ಲಿ ಆ ಸಾಧನಗಳನ್ನು ಬಳಸಿದ ದಿನವೇ ಗುಂಡೂ ಹಾರಿದೆ.

2019ರ ಡಿಸೆಂಬರ್ 19ರಂದು, ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ಹೊತ್ತಿನಲ್ಲಿ, ಮಂಗಳೂರಿನ ಬಂದರು ಪ್ರದೇಶದಲ್ಲಿ ಗೋಲಿಬಾರ್ ನಡೆದು ಇಬ್ಬರು ಸತ್ತರು. ನಗರದಲ್ಲಿ ನಿಷೇಧಾಜ್ಞೆ ಜಾರಿಯಲ್ಲಿತ್ತು. ಲಾಠಿ ಬೀಸಲಾಯಿತು, ಅಶ್ರುವಾಯು ಸಿಡಿಸಲಾಯಿತು, ಆಮೇಲೆ ಗುಂಡು. ಗುಂಪು ಠಾಣೆಗೆ ನುಗ್ಗಲು ಬಂದಿತ್ತು, ಬೇರೆ ದಾರಿಯೇ ಇರಲಿಲ್ಲ ಎಂದು ಪೊಲೀಸರು ಹೇಳಿದರು. ಸತ್ತವರಿಗೂ ಗಲಭೆಗೂ ಸಂಬಂಧವಿಲ್ಲ ಎಂದು ಮನೆಯವರು ಹೇಳಿದರು. ಉಡುಪಿಯ ಜಿಲ್ಲಾಧಿಕಾರಿಗೆ ಮ್ಯಾಜಿಸ್ಟೀರಿಯಲ್ ತನಿಖೆಯನ್ನು ವಹಿಸಲಾಯಿತು. ಯಾರ ಮಾತು ಸರಿ ಎಂದು ತೀರ್ಮಾನಿಸುವುದು ನನ್ನ ಉದ್ದೇಶವಲ್ಲ. ಕ್ರಮವಾಗಿ ಮೆಟ್ಟಿಲು ಏರಿದರೆ ಸಾಕು ಎನ್ನುವವರು ಆ ದಿನವನ್ನು ನೆನಪಿಡಬೇಕು ಎಂದಷ್ಟೇ ನನ್ನ ಮನವಿ.

ಬಂದರನ್ನು ನೋಡದವರಿಗೆ ಇದು ಅರ್ಥವಾಗುವುದು ಕಷ್ಟ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ದೋಣಿಗಳು ನಿಲ್ಲುವ ದಕ್ಕೆಯ ಕಡೆಗೆ ಇಳಿದರೆ ಇಕ್ಕಟ್ಟಾದ ರಸ್ತೆಗಳು, ಹಂಚಿನ ಮಾಡಿನ ಹಳೆಯ ಗೋದಾಮುಗಳು, ಸಗಟು ಅಂಗಡಿಗಳು, ಸರಕು ಇಳಿಸುವ ಲಾರಿಗಳು. ಅಲ್ಲಿ ಪ್ರತಿಭಟಿಸಲು ಬಂದವನು, ಮೂಟೆ ಹೊರುವವನು, ಸಾಮಾನಿಗೆ ಬಂದ ಗಿರಾಕಿ, ಶಾಲೆ ಬಿಟ್ಟ ಮಗುವನ್ನು ಕರೆದೊಯ್ಯುವ ತಾಯಿ ಎಲ್ಲರೂ ಹತ್ತು ಹೆಜ್ಜೆಯೊಳಗೇ ಇರುತ್ತಾರೆ. ಮಧ್ಯಾಹ್ನದ ಮೇಲೆ ಪಡುವಣದಿಂದ ಕಡಲಗಾಳಿ ಬೀಸತೊಡಗಿದರೆ ಅಶ್ರುವಾಯು ಗುಂಪಿನ ಮೇಲೆ ನಿಲ್ಲದೆ ಹಂಚಿನ ಸಂದಿಗಳಿಂದ ಮನೆಯೊಳಗೆ ಹೋಗುತ್ತದೆ. ಚದುರಿ ಹೋಗಿ ಎಂದರೆ ಹೋಗುವುದಕ್ಕೆ ಒಂದು ದಾರಿಯಾದರೂ ತೆರೆದಿರಬೇಕು.

ಗಡಿಯಾಚೆಯ ಮಲಯಾಳಂ ವಾಹಿನಿಗಳನ್ನು ನಾವೂ ನೋಡುತ್ತೇವೆ. ತಿರುವನಂತಪುರದಲ್ಲಿ ಮೆರವಣಿಗೆಯೆಂದರೆ ಜಲಫಿರಂಗಿ ಬರಲೇಬೇಕು, ನೆನೆದವರು ಮರುದಿನ ಮತ್ತೆ ಬರುತ್ತಾರೆ. ಮಂಜೇಶ್ವರದ ನಮ್ಮ ಭಾವ ಅದನ್ನು ಸ್ನಾನದ ಕಾರ್ಯಕ್ರಮ ಎನ್ನುತ್ತಾರೆ. ಹಾಗೆಂದು ಗಡಿ ದಾಟಿದರೆ ಎಲ್ಲವೂ ಸೌಮ್ಯ ಎಂದು ತಿಳಿಯಬೇಡಿ: 2009ರಲ್ಲಿ ಅದೇ ತಿರುವನಂತಪುರದ ಬೀಮಾಪಳ್ಳಿಯಲ್ಲಿ ಪೊಲೀಸರ ಗುಂಡಿಗೆ ಆರು ಮಂದಿ ಬಲಿಯಾಗಿದ್ದರು.

ಜೀವ ತೆಗೆಯದ ಆಯುಧ ಎಂಬ ಹೆಸರನ್ನೂ ಪೂರ್ತಿ ನಂಬಲಾರೆ. ಉತ್ತರ ಐರ್ಲೆಂಡಿನಲ್ಲಿ ರಬ್ಬರ್ ಮತ್ತು ಪ್ಲಾಸ್ಟಿಕ್ ಗುಂಡುಗಳಿಂದ 17 ಮಂದಿ ಸತ್ತಿದ್ದಾರೆ. 2016ರಲ್ಲಿ ಕಾಶ್ಮೀರದಲ್ಲಿ ಬಂದೂಕಿನಿಂದ ಚಿಮ್ಮುವ ಸಣ್ಣ ಲೋಹದ ಗುಂಡುಗಳಾದ ಪೆಲೆಟ್‌ಗಳು ಎಷ್ಟೋ ಜನರ ಕಣ್ಣು ತೆಗೆದವು. 1990ರ ವಿಶ್ವಸಂಸ್ಥೆಯ ಮೂಲತತ್ವಗಳು ಇಂಥ ಸಾಧನಗಳನ್ನು ಪೊಲೀಸರಿಗೆ ಒದಗಿಸಬೇಕು ಎನ್ನುವುದರ ಜೊತೆಗೇ, ಸಂಬಂಧವಿಲ್ಲದವರಿಗೆ ಅಪಾಯವಾಗದಂತೆ ಅವುಗಳನ್ನು ಪರೀಕ್ಷಿಸಿ ನಿಯಂತ್ರಿಸಬೇಕು ಎಂದೂ ಹೇಳಿವೆ. ನಮ್ಮ ಕಾನೂನಿನಲ್ಲಿ ಒಂದು ವಿಚಿತ್ರವಿದೆ. ಗುಂಪು ಚದುರಿಸಲು ಸೇನೆಯನ್ನು ಕರೆದಾಗ ಆದಷ್ಟು ಕಡಿಮೆ ಬಲ ಬಳಸಿ, ಆದಷ್ಟು ಕಡಿಮೆ ಹಾನಿ ಮಾಡಬೇಕೆಂಬ ಮಾತು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 130ನೇ ಕಲಮಿನಲ್ಲಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 149ರಲ್ಲಿದೆ. ಪೊಲೀಸರಿಗೆ ಅನ್ವಯಿಸುವ ಅದರ ಹಿಂದಿನ ಕಲಮಿನಲ್ಲಿ ಬಲ ಬಳಸಬಹುದು ಎಂದಿದೆಯೇ ಹೊರತು ಆ ಮಾತಿಲ್ಲ. ಮೊದಲು ಸೇರಿಸಬೇಕಾದದ್ದು ಅದನ್ನೇ.

ಕಾಲಿಗೆ ಹೊಡೆದ ಗುಂಡು ಸೌಮ್ಯ ಎಂಬ ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲಿ ಬೇರೂರಿದೆ. 2025ರ ಜನವರಿಯಲ್ಲಿ ಮಂಗಳೂರಿನ ಬಳಿಯ ಕೋಟೆಕಾರಿನ ಸಹಕಾರಿ ಬ್ಯಾಂಕಿನ ದರೋಡೆಯ ಆರೋಪಿಯೊಬ್ಬನಿಗೆ, ಮಹಜರಿಗೆ ಕರೆದೊಯ್ದಾಗ ಹಲ್ಲೆ ಮಾಡಿ ಓಡಲೆತ್ನಿಸಿದನೆಂದು, ಪೊಲೀಸರು ಕಾಲಿಗೆ ಗುಂಡು ಹೊಡೆದರು. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು, ಕಾಲಿಗೆ ತಾನೇ, ಪ್ರಾಣಕ್ಕೇನೂ ಆಗಲಿಲ್ಲವಲ್ಲ ಎಂದರು. ತೊಡೆಯಲ್ಲಿ ದೊಡ್ಡ ರಕ್ತನಾಳವಿದೆ, ಅದು ಹರಿದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯ ಸಾಯಬಹುದು. ಎಲ್ಲಿಗೆ ಗುರಿಯಿಟ್ಟರೂ ಬಂದೂಕು ಬಂದೂಕೇ. ಅದನ್ನು ಸೌಮ್ಯ ಸಾಧನಗಳ ಸಾಲಿಗೆ ಸೇರಿಸುವ ಅಭ್ಯಾಸ ನನಗೆ ಗೋಲಿಬಾರಿಗಿಂತಲೂ ಆತಂಕ ಹುಟ್ಟಿಸುತ್ತದೆ.

ಕೊನೆಗೆ ಹೊರಗಿನವರಿಗೆ ಹೊಳೆಯದ ಒಂದು ವಿಷಯ. ಬಂದರಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಕನ್ನಡ ಒಂದೇ ಓಣಿಯಲ್ಲಿ ಕೇಳಿಸುತ್ತವೆ. ಇಲ್ಲಿನ ಠಾಣೆಗಳಲ್ಲಿರುವ ಸಿಬ್ಬಂದಿಯಲ್ಲಿ ಉತ್ತರ ಕರ್ನಾಟಕದಿಂದ ಬಂದವರು ಅನೇಕರು. ಗದ್ದಲದಲ್ಲಿ ಮೈಕಿನಿಂದ ಒಮ್ಮೆ ಕನ್ನಡದಲ್ಲಿ ಕೂಗಿದ ಎಚ್ಚರಿಕೆ ಅರ್ಧ ಜನರಿಗೆ ಬರೀ ಸದ್ದಾಗಿಯೇ ಉಳಿದೀತು. ಆದ್ದರಿಂದ ಮುಂದಿನ ಯಾವುದೇ ತನಿಖೆಯಲ್ಲಿ, ಗುಂಡು ಹಾರಿಸಲು ಆದೇಶ ಕೊಟ್ಟವರು ಯಾರು ಎಂಬುದರ ಜೊತೆಗೆ, ಎಚ್ಚರಿಕೆಯನ್ನು ಯಾವ ಭಾಷೆಯಲ್ಲಿ ಎಷ್ಟು ಬಾರಿ ಕೊಟ್ಟರು, ಮೊದಲ ಅಶ್ರುವಾಯು ಶೆಲ್ಲಿಗೂ ಮೊದಲ ಗುಂಡಿಗೂ ನಡುವೆ ಎಷ್ಟು ನಿಮಿಷ ಕಾದರು, ಆ ನಿಮಿಷಗಳಲ್ಲಿ ಯಾವ ರಸ್ತೆಯನ್ನು ಜನರಿಗೆ ತೆರೆದಿಟ್ಟಿದ್ದರು ಎಂಬುದೂ ಬರಹದಲ್ಲಿ ದಾಖಲಾಗಬೇಕು.