ಜೆನೆಟಿಕ್ ಅಲ್ಗಾರಿದಮ್‌ನಲ್ಲಿ ಎಲ್ಲವೂ ಬೇಗ ಒಂದೇ ಥರ ಆಗಿಬಿಟ್ಟರೆ ಜೋಡಿ ಬದಲಿಸಬೇಕಾ?

ಜೆನೆಟಿಕ್ ಅಲ್ಗಾರಿದಮ್ ಅಂದರೆ ಉತ್ತರಗಳ ಒಂದು ಗುಂಪಿನಿಂದ ಒಳ್ಳೆಯವನ್ನು ಆರಿಸಿ, ಬೆರೆಸಿ, ತಲೆಮಾರಿನಿಂದ ತಲೆಮಾರಿಗೆ ಸುಧಾರಿಸುತ್ತಾ ಹೋಗುವ ವಿಧಾನ. 100 ಬಿಟ್‌ಸ್ಟ್ರಿಂಗ್‌ಗಳ (0, 1ಗಳ ಸಾಲುಗಳ) ಪಾಪ್ಯುಲೇಶನ್ ಕೆಲವೇ ತಲೆಮಾರಿನಲ್ಲಿ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಆಗುತ್ತಿದೆ, ಟೂರ್ನಮೆಂಟ್ ಸೈಜ್ 7 (ಪ್ರತಿ ಸಲ ಸುಮ್ನೆ 7 ಸ್ಟ್ರಿಂಗ್ ಎತ್ತಿ ಅದರಲ್ಲಿ ಒಳ್ಳೆಯದನ್ನು ಆರಿಸುವುದು), ಒಂದನ್ನೊಂದು ಹೋಲದವನ್ನೇ ಜೋಡಿ ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ಸ್ವಲ್ಪ ಸರಿಹೋಗುತ್ತದೆ. ಆದರೆ ನಾನಾಗಿದ್ದರೆ ಮೊದಲು ಆ 7ಕ್ಕೇ ಕೈ ಹಾಕುತ್ತಿದ್ದೆ. ಕ್ರಾಸ್‌ಓವರ್ (ಎರಡು ಸ್ಟ್ರಿಂಗ್ ಬೆರೆಸಿ ಮಗು ಮಾಡುವುದು), ಮ್ಯುಟೇಶನ್ (ಅಲ್ಲೊಂದು ಇಲ್ಲೊಂದು ಬಿಟ್ ತಿರುಗಿಸುವುದು) ಎರಡನ್ನೂ ನಿಲ್ಲಿಸಿ ಬರೀ ಸೆಲೆಕ್ಷನ್ ಓಡಿಸಿದರೆ, ಸೈಜ್ 2 ಇದ್ದಾಗ ಎಲ್ಲಕ್ಕಿಂತ ಒಳ್ಳೆಯ ಸ್ಟ್ರಿಂಗ್ 100 ಜಾಗವನ್ನೂ ತುಂಬಲು ಸುಮಾರು 9 ತಲೆಮಾರು ಬೇಕು. 7 ಇದ್ದರೆ ಮೂರ್ನಾಲ್ಕು ಸಾಕು. ಆಮೇಲೆ ಬೇರೆ ಥರದ ಜೋಡಿ ಹುಡುಕಿದರೆ ಸಿಗುವುದಾದರೂ ಎಲ್ಲಿ? 2ಕ್ಕೆ ಇಳಿಸಿ. ಒಂದೇ ಸ್ಟ್ರಿಂಗ್ ಎರಡು ಸಲ ಇದ್ದರೆ ಒಂದನ್ನು ಕಿತ್ತುಹಾಕಿ.

ಜೋಡಿಯ ವಿಷಯ. 10110100 ಮತ್ತು 10110110 ನೋಡಿ. ವ್ಯತ್ಯಾಸ ಒಂದೇ ಬಿಟ್. ಕ್ರಾಸ್‌ಓವರ್ ಎಷ್ಟೇ ಮಾಡಿದರೂ ಅಪ್ಪ ಅಮ್ಮನ ನಕಲೇ ಹುಟ್ಟುತ್ತದೆ, ಸುಮ್ನೆ ಕಂಪ್ಯೂಟರ್ ಬಿಸಿ. ಅದೇ 10110100ಕ್ಕೆ 01100111 ಜೊತೆಯಾದರೆ 5 ಕಡೆ ವ್ಯತ್ಯಾಸ. ಯೂನಿಫಾರ್ಮ್ ಕ್ರಾಸ್‌ಓವರ್‌ನಲ್ಲಿ (ಪ್ರತಿ ಬಿಟ್ ಅಪ್ಪನದೋ ಅಮ್ಮನದೋ ಬರುವ ಥರ) 32 ಥರದ ಮಕ್ಕಳು ಸಾಧ್ಯ.

ಇದನ್ನೇ ಎಶೆಲ್ಮನ್ ಅವರ ಸಿಎಚ್‌ಸಿ ಅಲ್ಗಾರಿದಮ್ ನಿಯಮವಾಗಿ ಇಟ್ಟುಕೊಂಡಿದೆ. ಅಲ್ಲಿ ಫಿಟ್‌ನೆಸ್ (ಉತ್ತರ ಎಷ್ಟು ಒಳ್ಳೆಯದು ಅನ್ನುವ ಅಂಕ) ನೋಡದೆ ಸುಮ್ನೆ ಜೋಡಿ ಹಾಕುತ್ತಾರೆ. ಇಬ್ಬರ ಹ್ಯಾಮಿಂಗ್ ಅಂತರದ (ಎಷ್ಟು ಬಿಟ್ ಬೇರೆ ಅನ್ನುವ ಲೆಕ್ಕದ) ಅರ್ಧ ಒಂದು ಮಿತಿ ದಾಟಿದರೆ ಮಾತ್ರ ಮಕ್ಕಳು. ಮಿತಿ ಸ್ಟ್ರಿಂಗ್ ಉದ್ದದ ಕಾಲು ಭಾಗದಿಂದ ಶುರು. ಹೊಸ ಮಗು ಒಂದೂ ಒಳಗೆ ಬರದಿದ್ದರೆ 1 ಇಳಿಸುತ್ತಾರೆ. ಮಿತಿ ಪೂರ್ತಿ ಮುಗಿದಾಗ, ಎಲ್ಲಕ್ಕಿಂತ ಒಳ್ಳೆಯದರ ಪ್ರತಿಗಳಲ್ಲಿ ಸುಮಾರು 35% ಬಿಟ್ ತಿರುಗಿಸಿ ಮತ್ತೆ ಓಟ. ಈ ಕೊನೆಯ ಹೆಜ್ಜೆ ಬಿಡಬೇಡಿ. ಐದನೇ ಬಿಟ್ ಎಲ್ಲರಲ್ಲೂ 0 ಆಗಿಹೋದರೆ ಯಾವ ಜೋಡಿಯೂ ಅಲ್ಲಿ 1 ತರಲಾರದು. ಅದು ಮ್ಯುಟೇಶನ್‌ನ ಕೆಲಸ, ಅಲ್ವಾ?

ಆದರೆ ನಿಮ್ಮ ಸಮಸ್ಯೆಗೆ ದೂರದೂರದಲ್ಲಿ ಹಲವು ಒಳ್ಳೆಯ ಉತ್ತರಗಳಿದ್ದು, ಎಲ್ಲವೂ ಬೇಕು ಅಂದರೆ ಈ ಉಪಾಯ ತಿರುಗಿ ಬೀಳುತ್ತದೆ. ಎರಡು ಶಿಖರಗಳ ಮೇಲಿನ ಅಪ್ಪ ಅಮ್ಮನಿಗೆ ಹುಟ್ಟಿದ್ದು ಜಾಸ್ತಿ ಸಲ ನಡುವಿನ ಕಣಿವೆಗೇ ಬೀಳುತ್ತದೆ. ಅಲ್ಲಿ ನಾನು ಡಿಟರ್ಮಿನಿಸ್ಟಿಕ್ ಕ್ರೌಡಿಂಗ್ ಹಾಕುತ್ತೇನೆ: ಮಗು ತನ್ನನ್ನು ಜಾಸ್ತಿ ಹೋಲುವ ಅಪ್ಪ ಅಥವಾ ಅಮ್ಮನ ಜೊತೆ ಮಾತ್ರ ಸ್ಪರ್ಧಿಸಬೇಕು, ಗೆದ್ದರೆ ಆ ಜಾಗ ಅದರದ್ದು. ಹತ್ತಿಪ್ಪತ್ತು ಸಾಲಿನ ಕೋಡ್. ಟೂರ್ನಮೆಂಟ್ ಸೈಜ್ ಅನ್ನೋದೇ ಬೇಕಾಗುವುದಿಲ್ಲ.