ಪ್ರತಿಕ್ರಿಯೆ: ಏಇ-1ಗೆ ಯಾವ ವೈಂಡರ್?

ಕ್ಯಾನನ್ ಏಇ-1 ಫಿಲ್ಮ್ ಕ್ಯಾಮೆರಾಗೆ ವೈಂಡರ್ (ಪ್ರತಿ ಫೋಟೋ ಆದ ಮೇಲೆ ಫಿಲ್ಮ್ ತಾನೇ ಮುಂದಕ್ಕೆ ಎಳೆಯುವ ಮೋಟಾರ್) ಕೊಳ್ಳಲು, ಹಳೇ ಪವರ್ ವೈಂಡರ್ ಎ ಸಾಕಾ, ಎ2 ಬೇಕಾ ಅಂತ ಕೇಳಿದ್ದೀರಿ. ಬೆಲೆ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ ಎ2 ತೆಗೆದುಕೊಳ್ಳಿ. ವೇಗ ಎರಡರಲ್ಲೂ ಒಂದೇ, ಸೆಕೆಂಡಿಗೆ ಸುಮಾರು 2 ಫ್ರೇಮ್. ಆದರೆ ಎ2ನಲ್ಲಿ ಒಂದೊಂದೇ ಫ್ರೇಮ್ ತೆಗೆಯಲು ಸ್ವಿಚ್ ಇದೆ. ಹಳೆಯದರಲ್ಲಿ ಬೆರಳು ಎತ್ತುವುದು ಸ್ವಲ್ಪ ತಡವಾದರೂ ಇನ್ನೊಂದು ಫ್ರೇಮ್ ಸುಮ್ನೆ ಹೋಗಿಬಿಡುತ್ತದೆ. ಈಗಿನ ಫಿಲ್ಮ್ ರೇಟಿಗೆ ಅದು ಸಣ್ಣ ನಷ್ಟವಲ್ಲ, ಅಲ್ವಾ?

ಕೊಳ್ಳುವ ಮುಂಚೆ ಸೆಲ್ ಹಾಕುವ ಜಾಗ ತೆಗೆಸಿ ನೋಡಿ. ಸ್ಪ್ರಿಂಗ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಹಳೇ ಸೆಲ್ ಸೋರಿದೆ. ಅಂಥದ್ದು ಬೇಡವೇ ಬೇಡ. ನಾಲ್ಕು ಹೊಸ ಎಎ ಸೆಲ್ ಒಯ್ದು, ಫಿಲ್ಮ್ ಇಲ್ಲದೆ ಓಡಿಸಿ. ಸದ್ದು ಒಂದೇ ಸಮ ಬರಬೇಕು. ವೈಂಡರ್ ಕೂರಿಸಲು ಕ್ಯಾಮೆರಾ ತಳದ ಪುಟ್ಟ ಮುಚ್ಚಳ ಬಿಚ್ಚಬೇಕು, ಅದನ್ನು ಜೋಪಾನ ಮಾಡಿ. ರೋಲ್ ಹಿಂದಕ್ಕೆ ಸುತ್ತುವುದು ಮಾತ್ರ ಕೈಯಲ್ಲೇ.