ಗುಡ್ಡೆ ಸರ್ಕಾರದ್ದು, ನೀರು ನಮ್ಮದು

"ಕಾಸರಗೋಡಲ್ಲಿ ಅಷ್ಟು ಮಳೆ ಬರುತ್ತೆ, ಮತ್ತೆ ನೀರಿಗೇನು ಗೋಳು? ಒಂದು ಬೋರ್‌ವೆಲ್ ಹಾಕಿಸಿ ಆರಾಮಾಗಿರಿ" ಅಂದೆಯಲ್ಲ. ಜೊತೆಗೆ "ನಿನ್ನ ಕನ್ನಡ ಪರವಾಗಿಲ್ವೇ" ಅಂತ ಸರ್ಟಿಫಿಕೇಟು ಬೇರೆ! ಸರಿ ಮಾರಾಯ, ಕೇಳು.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಜಿಲ್ಲೆಯಲ್ಲಿ 12 ಹೊಳೆ, ಎಲ್ಲ ನಿಜ. ಆದರೆ ಇದು ಮುರಕಲ್ಲಿನ, ಅಂದರೆ ಕಡಿದು ಕಟ್ಟಡಕ್ಕೆ ಬಳಸುವ ಕೆಂಪು ಕಲ್ಲಿನ, ಗುಡ್ಡೆಗಳ ಊರು. ಬಿದ್ದ ನೀರು ಇಳಿಜಾರು ಹಿಡಿದು ಸೀದಾ ಕಡಲಿಗೆ ಓಡುತ್ತದೆ. ಏಪ್ರಿಲಿನಲ್ಲಿ ಅಡಿಕೆ ತೋಟಕ್ಕೆ ನೀರು ಬೇಕಾದರೆ ಮಳೆಗಾಲದಲ್ಲೇ ಅದು ಗುಡ್ಡೆಯೊಳಗೆ ಇಂಗಬೇಕು. ಹಿರಿಯರು ಗುಡ್ಡೆಗೆ ಅಡ್ಡಡ್ಡ ಸುರಂಗ ಕೊರೆದದ್ದು ಆ ನೀರಿಗಾಗಿ.

ನಮ್ಮ ನಿತ್ಯದ ತಲೆನೋವು ಕುಮ್ಕಿ. ವರ್ಗ ಜಾಗದ, ಅಂದರೆ ನಮ್ಮ ಹೆಸರಲ್ಲಿ ದಾಖಲೆ ಇರುವ ಕೃಷಿ ಭೂಮಿಯ, ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಗುಡ್ಡೆ ಅದು. ಸೊಪ್ಪು, ತರಗೆಲೆ, ದನಕ್ಕೆ ಹುಲ್ಲು ತರಬಹುದು, ಜಾಗ ಮಾತ್ರ ನಮ್ಮದಲ್ಲ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ, ಕಾಸರಗೋಡೂ ಸೇರಿದ್ದ ದಕ್ಷಿಣ ಕನ್ನಡಕ್ಕೆ ಇದ್ದ ಏರ್ಪಾಡು. ಕಾಡು ಉಳಿದರೆ ದನದ ಹಟ್ಟಿಗೆ ಸೊಪ್ಪೂ ಉಂಟು, ಕೆಳಗಿನ ಸುರಂಗಕ್ಕೆ ನೀರೂ ಉಂಟು.

1956ರ ನವೆಂಬರ್ 1ಕ್ಕೆ ನಾವು ಕೇರಳವಾದೆವು. ಅತ್ತ ಕರ್ನಾಟಕ 1964ರ ಭೂಕಂದಾಯ ಕಾಯ್ದೆಯಲ್ಲಿ ಕುಮ್ಕಿಯ ಹೆಸರೆತ್ತಿ ಬರೆಯಿತು. ಇತ್ತ ನಾವು ಬಂದ ಬಂದ ಆಫೀಸರಿಗೆಲ್ಲ ಕುಮ್ಕಿ ಪಾಠ ಮಾಡುತ್ತಾ ಕೂತಿದ್ದೇವೆ. ದಕ್ಷಿಣದ ಜಿಲ್ಲೆಗಳಿಂದ ಬರುವವರು, ಪಾಪ, ಅವರ ಊರಲ್ಲಿ ಇಂಥದ್ದೊಂದು ಇಲ್ಲವೇ ಇಲ್ಲ. ಪಾಠ ತಲೆಗೆ ಹತ್ತುವಷ್ಟರಲ್ಲಿ ಅವರಿಗೆ ವರ್ಗಾವಣೆ. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಇಲ್ಲಿ ಕಾನೂನಿನಲ್ಲೇ ಇದೆ. ನನಗೆ ಉತ್ತರ ಬಂದದ್ದು ಮಲಯಾಳದಲ್ಲಿ. ಓದಲು ನನಗೇನೂ ಕಷ್ಟವಿಲ್ಲ. ಆದರೆ ನಾನು ಕೇಳಿದ್ದು ಒಂದು, ಅವರು ಬರೆದದ್ದು ಇನ್ನೊಂದು.

ನಾನು ಕೇಳಿದ್ದು ಇಷ್ಟೇ. ಸುರಂಗದ ನೆತ್ತಿಯ ಮೇಲೆ ಮುರಕಲ್ಲು ಕಡಿಯಲು ಬಿಡಬೇಡಿ. ಉತ್ತರ ಬಂತು: ಜಾಗ ಸರ್ಕಾರದ್ದು, ನಿಮಗೆ ಅದರ ಮೇಲೆ ಹಕ್ಕಿಲ್ಲ. ಹಕ್ಕಿಲ್ಲ, ಒಪ್ಪಿದೆ. ನೀರು? ಗುಡ್ಡೆಯ ತಲೆ ಬೋಳಾದರೆ ನನ್ನ ತೋಟ ಮಾತ್ರ ಒಣಗುವುದಲ್ಲ, ಇನ್ನೂ ಕೆಳಗಿನ ಮನೆಗಳ ಬಾವಿಯೂ ಬತ್ತುತ್ತದೆ. ಅವರ ಹತ್ತಿರ ವರ್ಗವೂ ಇಲ್ಲ, ಕುಮ್ಕಿಯೂ ಇಲ್ಲ, ಕೇಳಲು ಕಾಗದವೇ ಇಲ್ಲ. ಮನೆಯಿಲ್ಲದವರಿಗೆ ಅದೇ ಗುಡ್ಡೆಯ ಬುಡದಲ್ಲಿ ನಾಲ್ಕು ಸೆಂಟ್ಸ್ ಕೊಟ್ಟರೆ ನಾನು ತಕರಾರು ಮಾಡಲಾರೆ, ಮಾಡಲೂಬಾರದು. ಜೆಸಿಬಿಗೆ ಕೊಡುವುದು ಬೇರೆ ಮಾತು, ಅಲ್ವಾ?

ಇನ್ನು ನಿನ್ನ ಬೋರ್‌ವೆಲ್. ಒಬ್ಬ 500 ಅಡಿ ಕೊರೆದರೆ ಪಕ್ಕದವನು 600 ಅಡಿ ಕೊರೆಯುತ್ತಾನೆ. ಇಂಗುವ ಗುಡ್ಡೆಯನ್ನು ಕಡಿದು ಲಾರಿಗೆ ತುಂಬಿಸಿದ ಮೇಲೆ ಆಳಕ್ಕೆ ಹೋಗಿ ಸಿಗುವುದಾದರೂ ಏನು?

"ಅಷ್ಟು ಕಷ್ಟವಾದರೆ ಮಂಗಳೂರಿಗೆ ಬಂದುಬಿಡಿ" ಅಂತ ನೀನು ಹೇಳುತ್ತೀ, ಗೊತ್ತು. ಸುಮ್ನಿರು. ಸೋಮವಾರ ಮತ್ತೆ ವಿಲ್ಲೇಜ್ ಆಫೀಸಿಗೆ ಹೋಗಬೇಕು. ಹೊಸಬರು ಬಂದಿದ್ದಾರಂತೆ.